ಲಾಭ, ಎರಡು, ಮೂರು

ಮೀನು ಮರಿ ಹಾಕುವ ಕಾಲವೆಂದು
ಸರಕಾರ ಸಮುದ್ರಕ್ಕೆ ಬೀಗ ಹಾಕುತ್ತದೆ, ಅರವತ್ತೊಂದು ದಿನ.
ಬೈತಖೋಲ ಬಂದರಿನಲ್ಲಿ ಬುಟ್ಟಿ ಎಣಿಸುವವಳು ನಾನು.
ಒಂದು ಅನ್ನುವುದಿಲ್ಲ ನಾವು, ಲಾಭ ಅನ್ನುತ್ತೇವೆ,
ಲಾಭ, ಎರಡು, ಮೂರು.
ಬಂದ್ ಬಂತೆಂದರೆ ಪೆನ್ಸಿಲು ಕಿವಿಯ ಮೇಲೇ ಉಳಿಯುತ್ತದೆ,
ಕೊಡೆ ಜಗಲಿಯ ಮೊಳೆಯ ಮೇಲೆ.

ಕೋಡಿಬಾಗದ ಮನೆಯೆದುರು ನಾಲ್ಕು ಮಾರು ಜಾಗ.
ಕ್ರೋಟನ್, ಒಂದು ಕರಿಬೇವು, ಒಡೆದ ಬಾನಿಯಲ್ಲಿ ಒಂದೆಲಗ.
ಜುಲೈಯ ಒಂದು ಬೆಳಿಗ್ಗೆ
ಒಗ್ಗರಣೆಗೆಂದು ಎಸಳು ಮುರಿಯಹೋದರೆ
ಎಲೆಯ ಮೇಲಿನ ಹಕ್ಕಿಹಿಕ್ಕೆ ತಲೆಯೆತ್ತಿ ನೋಡಿತು.
ಒಳಗೆ ಸಾಸಿವೆ ಸಿಡಿದು ಕರಕಾಗುವವರೆಗೂ ಎಣಿಸಿದೆ.
ಹನ್ನೊಂದು ಹುಳ.

ಆಚೆಮನೆಯ ಬಾಂದೇಕರರು ಕಂಪೌಂಡಿನ ಮೇಲಿಂದ
ಔಷಧದ ಬಾಟಲಿ ಚಾಚಿದರು:
"ಎರಡು ಮುಚ್ಚಳ ಸಾಕು ಬಾಯೀ."
"ಈಗ ಬಂದ್ ಉಂಟಲ್ಲ" ಅಂದೆ.
ಅವರಿಗೆ ಅರ್ಥವಾಗಲಿಲ್ಲ. ನನಗೂ ಆಮೇಲೆ ನಗು ಬಂತು.
ಅವತ್ತಿನಿಂದ ತೊವ್ವೆಗೆ ಬರೀ ಬೆಳ್ಳುಳ್ಳಿ.

ಕ್ಯಾಲೆಂಡರಿನ ಬೆನ್ನಿಗೆ ಬರೆದಿಟ್ಟೆ.
ಸೋಮವಾರ ಹನ್ನೊಂದು. ಬುಧವಾರ ಒಂಬತ್ತು.
ಶುಕ್ರವಾರ, ತಲೆಗೆ ಗೋಣಿ ಹೊದ್ದು
ಎರಡೆರಡು ಸಲ ಎಣಿಸಿದರೂ, ಆರು.
ಬಂದರಿನಲ್ಲಾದರೆ ಬುಟ್ಟಿ ಕಮ್ಮಿ ಬಿದ್ದರೆ
ನನ್ನ ಸಂಬಳದಲ್ಲಿ ಮುರಿಯುತ್ತಾರೆ.
ಇಲ್ಲಿ ಯಾರನ್ನು ಕೇಳಲಿ?

ಕಳ್ಳ ಸಿಕ್ಕಿತು. ಪಿಕಳಾರ.
ಕಸಬರಿಗೆ ಎತ್ತಿಕೊಂಡೇ ಹಿಂದೆ ಹೋದೆ.
ಕ್ರೋಟನ್ನಿನ ಒಳಗೆ ಮೂರು ಬಾಯಿ;
ಮೈಯಿಲ್ಲ, ಕಣ್ಣಿಲ್ಲ, ಬರೀ ಬಾಯಿ,
ಒಳಗೆಲ್ಲ ದಾಸವಾಳದ ಕೆಂಪು.
ನನ್ನ ಆರನೆಯದು ಅದರಲ್ಲೊಂದಕ್ಕೆ ಇಳಿಯಿತು.
ತಂದ ಕಸಬರಿಗೆಯಲ್ಲಿ ಅಂಗಳ ಗುಡಿಸಿದೆ, ಮತ್ತೇನು ಮಾಡುವುದು.
ಕ್ಯಾಲೆಂಡರಿನಲ್ಲಿ ಇನ್ನೊಂದು ಸಾಲು ಶುರುವಾಯಿತು:
ಬಾಯಿ, ಮೂರು.

ಆ ವಾರವೇ ಕಣಜವೊಂದು
ಮುಂಬಾಗಿಲ ಕೀಲಿಕಂಡಿಯನ್ನು ಬಾಣಂತಿಕೋಣೆ ಮಾಡಿಕೊಂಡಿತು.
ಮಣ್ಣು ಮೆತ್ತುವ ಮೊದಲು ಟಾರ್ಚು ಬಿಟ್ಟು ನೋಡಿದ್ದೆ:
ಒಂದು ಮೊಟ್ಟೆ, ಅದರ ಬುತ್ತಿಗೆ
ಯಾರ ಮಗುವೋ, ಒಂದು ಹಸಿರು ಹುಳ,
ಸತ್ತೂ ಇಲ್ಲ, ಬದುಕಿಯೂ ಇಲ್ಲ.
ಮಗಳು ಕೃತ್ತಿಕಾ ಬಾಗಿಲಿಗೆ ಚೀಟಿ ಅಂಟಿಸಿದಳು,
"ಹಿಂದಿನಿಂದ ಬನ್ನಿ. ಮಗು ಮಲಗಿದೆ."
ಹಾಲಿನವನು ಪಿಸುಗುಟ್ಟಿ ಹೋದ.
ಗ್ಯಾಸಿನವನು ಸಿಲಿಂಡರ್ ಉರುಳಿಸದೆ ಹೊತ್ತು ತಂದ.
ಸುಗಂಧಕ್ಕ ಉಣ್ಣೆಯ ಟೋಪಿ ಹೆಣೆದು ತಂದೇಬಿಟ್ಟಳು,
ಯಾರಿಗೆ ಹುಟ್ಟಿದ್ದು ಎಂದು ಕೇಳುವ ಧೈರ್ಯವಾಗದೆ.
ನಿಜ ಹೇಳುವ ಧೈರ್ಯ ನನಗೂ ಆಗಲಿಲ್ಲ.
ಟೋಪಿ ಕಪಾಟಿನಲ್ಲಿದೆ.

ಮಂಗಳವಾರ ನಸುಕಿಗೆ
ಕೆಂಬೂತ ಕ್ರೋಟನ್ನಿಗೆ ನುಗ್ಗಿದ ಸದ್ದು.
ನಾನು ಚಪ್ಪಲಿ ಹುಡುಕುವಷ್ಟರಲ್ಲಿ ಮುಗಿದಿತ್ತು.
ಪಿಕಳಾರ ಹುಳ ಕಚ್ಚಿಕೊಂಡು ಬಂತು,
ಗೂಡಿನ ಅಂಚಲ್ಲಿ ಕೂತಿತು,
ಹಾರಿತು, ಮತ್ತೆ ಬಂದು ಕೂತಿತು,
ಕೊಕ್ಕಲ್ಲಿ ಅದೇ ಹುಳ.
ತುಂಬ ಹೊತ್ತಿನ ಮೇಲೆ ತಾನೇ ನುಂಗಿತು.
ಕೆಂಬೂತಕ್ಕೂ ಎಲ್ಲೋ ಬಾಯಿಗಳಿದ್ದಾವು.
ನೋಡಲು ಹೋಗಲಿಲ್ಲ.
ಆ ದಿನದ ಲೆಕ್ಕ ಬರೆದಿಲ್ಲ.

ಮೂವತ್ತೊಂದರ ರಾತ್ರಿ ದೋಣಿಗಳ ಎಂಜಿನ್ನು ಕೆಮ್ಮಿದವು,
ಐಸಿನ ಲಾರಿಗಳು ಹೆದ್ದಾರಿಯುದ್ದಕ್ಕೂ ತೊಟ್ಟಿಕ್ಕುತ್ತ ನಿಂತವು.
ಕತ್ತಲಿರುವಾಗಲೇ ಎದ್ದು ಕೊಡೆಗೆ ಕೈ ಹಾಕಿದರೆ
ಅದರ ಕಡ್ಡಿಗೆ, ಸೊಂಟಕ್ಕೊಂದು ದಾರ ಕಟ್ಟಿಕೊಂಡು,
ತೆಂಗಿಗೆ ಹತ್ತಿದವನ ಹಾಗೆ ಹಿಂದಕ್ಕೊರಗಿ,
ಒಂದು ಕೋಶ.
ಹನ್ನೊಂದರಲ್ಲಿ ಇದು ಎಷ್ಟನೆಯದೋ.
ಇಷ್ಟು ದೂರ ಯಾವಾಗ ನಡೆದು ಬಂತೋ.

ಬರಿದಲೆಯಲ್ಲೇ ಹೋದೆ.
ತೊಯ್ದು ತೊಪ್ಪೆಯಾದವಳನ್ನು ನೋಡಿ
ಹರಾಜಿನ ಪಾಂಡು ತಾಂಡೇಲ, "ಕೊಡೆ ಎಲ್ಲಿ ಬಾಯೀ?"
"ನಮ್ಮನೇಲಿ ಬಂದ್ ಇನ್ನೂ ಮುಗಿದಿಲ್ಲ."

ಬೆಳಕು ಹರಿದ ಮೇಲೆ ಮೊದಲ ದೋಣಿ ಬಂತು,
ಮೊದಲ ಬುಟ್ಟಿ ಇಳಿಯಿತು.
ಲಾಭ, ಅಂದೆ.
ಎರಡು ಅನ್ನುವುದು ತಡವಾಯಿತು.